ಕೊನೆಯ ಎಸೆತ ಕೈತಪ್ಪದಂತೆ: ಟಿ.ವಿ.ಯಲ್ಲಿ ಕ್ರಿಕೆಟ್ ಪೂರ್ತಿ ನೋಡುವ ಬಗೆ

ಹತ್ತೊಂಬತ್ತನೆಯ ಓವರಿನ ಕೊನೆಯ ಎಸೆತ. ಬ್ಯಾಟ್ಸ್‌ಮನ್ ಚೆಂಡನ್ನು ಲಾಂಗ್ ಆನ್ ಕಡೆಗೆ ತಳ್ಳಿ ಎರಡನೆಯ ರನ್ನಿಗೆ ಹೊರಳಿದ್ದಾನೆ, ಫೀಲ್ಡರನ ಕೈಯಿಂದ ಚೆಂಡು ಬಿಟ್ಟಾಗಿದೆ, ಅದು ಇನ್ನೂ ಕೀಪರನ ಗ್ಲೌಸು ಮುಟ್ಟಿಲ್ಲ. ಅಷ್ಟರಲ್ಲಿ ಪರದೆಯ ತುಂಬ ಸಿಮೆಂಟಿನ ಚೀಲವೊಂದು ಬಂದು ನಿಂತಿತು. ಒಳಕೋಣೆಯಲ್ಲಿ ಮಲಗಿದ್ದ ಅಪ್ಪ, "ಏನಾತೋ? ರನ್ ಔಟ್ ಆದ್ನೇನು?" ಎಂದು ಕೇಳಿದರು. ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಜಾಹೀರಾತುಗಳು ಮುಗಿದು ಆಟ ಮರಳಿದಾಗ ಮುಂದಿನ ಓವರಿನ ಮೊದಲ ಎಸೆತಕ್ಕೆ ಬೌಲರ್ ಓಡಿ ಬರುತ್ತಿದ್ದ. ನಾನ್-ಸ್ಟ್ರೈಕರ್ ತುದಿಯಲ್ಲಿ ಹೊಸ ಮುಖವೊಂದು ನಿಂತಿದ್ದುದನ್ನು ಕಂಡು, ಔಟಾಗಿದ್ದಾನೆ ಎಂದು ನಾವೇ ತಿಳಿದುಕೊಳ್ಳಬೇಕಾಯಿತು.

ಅಪ್ಪನಿಗೆ ಈಗ ಕಣ್ಣು ಮಂಜು. ಗದಗಿನಲ್ಲಿ ನೌಕರಿ ಮಾಡುತ್ತಿದ್ದ ಕಾಲದಿಂದಲೂ ಅವರು ಕ್ರಿಕೆಟ್ಟನ್ನು ಕೇಳಿ ಬೆಳೆದವರು, ನಾನು ನೋಡಿ ಬೆಳೆದವನು. ಅವರ ಪ್ರಶ್ನೆಗೆ ಉತ್ತರವಿಲ್ಲದೆ ಕುಳಿತ ಆ ಸಂಜೆಯಿಂದ, ಧಾರವಾಡದ ನಮ್ಮ ಮನೆಯಲ್ಲಿ ಪಂದ್ಯವನ್ನು ಪೂರ್ತಿಯಾಗಿ ನೋಡಲು ಏನೇನು ಮಾಡಬಹುದೆಂದು ಒಂದೊಂದಾಗಿ ಹುಡುಕುತ್ತ ಬಂದಿದ್ದೇನೆ. ಪ್ರಸಾರ ಮಾಡುವವರು ನಮಗೆ ಕೊಡುವುದು ಪಂದ್ಯದ ಒಂದು ಭಾಗವನ್ನು ಮಾತ್ರ. ಉಳಿದ ಭಾಗವನ್ನು ನಾವೇ ಗಳಿಸಿಕೊಳ್ಳಬೇಕು, ಮತ್ತು ಗಳಿಸಿಕೊಳ್ಳಲು ಸಾಧ್ಯವೂ ಇದೆ. ಹೇಗೆಂಬುದನ್ನು ಕೆಳಗೆ ಬರೆದಿದ್ದೇನೆ.

ಎಸೆತ ಏಕೆ ಕಳೆದುಹೋಗುತ್ತದೆ

ಎರಡು ಓವರುಗಳ ನಡುವಿನ ಬಿಡುವೇ ಜಾಹೀರಾತಿನ ಮುಖ್ಯ ಜಾಗ. ಆ ಬಿಡುವು ಮೊದಲಿನಂತೆ ಸಡಿಲವಾಗಿ ಉಳಿದಿಲ್ಲ. ಅಂತರರಾಷ್ಟ್ರೀಯ ಏಕದಿನ ಮತ್ತು ಟಿ20 ಪಂದ್ಯಗಳಲ್ಲಿ ಒಂದು ಓವರ್ ಮುಗಿದ 60 ಸೆಕೆಂಡುಗಳೊಳಗೆ ಫೀಲ್ಡಿಂಗ್ ತಂಡ ಮುಂದಿನ ಎಸೆತಕ್ಕೆ ಸಿದ್ಧವಿರಬೇಕೆಂಬ ನಿಯಮ 2023ರ ಡಿಸೆಂಬರಿನಲ್ಲಿ ಪ್ರಯೋಗವಾಗಿ ಬಂದು, ಮರುವರ್ಷ ಕಾಯಂ ಆಯಿತು. ಆಟದ ದೃಷ್ಟಿಯಿಂದ ಇದು ಒಳ್ಳೆಯ ನಿಯಮ. ಆದರೆ ಆ 60 ಸೆಕೆಂಡಿನೊಳಗೇ ಮಾರಿದ ಜಾಹೀರಾತುಗಳನ್ನೆಲ್ಲ ತುಂಬಿಸಬೇಕಾದ ನಿಯಂತ್ರಣ ಕೊಠಡಿಯವರು ಆರನೆಯ ಎಸೆತದ ಆಟ ಮುಗಿಯುವ ಮೊದಲೇ ಗುಂಡಿ ಒತ್ತುತ್ತಾರೆ, ಅಥವಾ ಮುಂದಿನ ಓವರಿನ ಮೊದಲ ಎಸೆತಕ್ಕೆ ಬೌಲರ್ ಅರ್ಧ ಓಡಿ ಬಂದ ಮೇಲೆ ನಮ್ಮನ್ನು ಮೈದಾನಕ್ಕೆ ಕರೆತರುತ್ತಾರೆ. ಐಪಿಎಲ್‌ನಲ್ಲಿ ಪ್ರತಿ ಇನ್ನಿಂಗ್ಸಿಗೆ ಎರಡೂವರೆ ನಿಮಿಷದ ಎರಡು ವಿರಾಮಗಳನ್ನು ಬೇರೆಯಾಗಿ ಇಟ್ಟಿದ್ದರೂ ಓವರ್ ನಡುವಿನ ಆತುರ ಅಲ್ಲಿಯೂ ತಪ್ಪಿಲ್ಲ.

ಕಳೆದುಹೋಗುವುದು ಎಸೆತವಷ್ಟೇ ಎಂದುಕೊಳ್ಳಬಾರದು. ನಾಯಕ ಯಾರನ್ನು ಎಲ್ಲಿಗೆ ಕಳಿಸಿದ, ಬೌಲರ್ ಯಾವ ತುದಿ ಕೇಳಿ ಪಡೆದ, ಹೊಸ ಬ್ಯಾಟ್ಸ್‌ಮನ್ ಗಾರ್ಡ್ ತೆಗೆದುಕೊಂಡು ಮೈದಾನವನ್ನು ಹೇಗೆ ಕಣ್ಣಾಡಿಸಿದ ಎಂಬುದೆಲ್ಲ ಇದೇ ಬಿಡುವಿನಲ್ಲಿ ನಡೆಯುತ್ತದೆ. ಕ್ರಿಕೆಟ್ಟಿನ ಅರ್ಧ ಬುದ್ಧಿವಂತಿಕೆ ಇರುವುದು ಅಲ್ಲಿ.

ಮೊದಲು ಮನೆಯ ತಂತಿ ನೋಡಿಕೊಳ್ಳಿ

ಪ್ರಸಾರದವರ ತಪ್ಪೆಂದು ನಾವು ಬೈಯುವ ಕೆಲವು ತೊಂದರೆಗಳು ನಮ್ಮ ಟಿ.ವಿ.ಯ ಹಿಂಬದಿಯಲ್ಲೇ ಇರುತ್ತವೆ. ಹುಬ್ಬಳ್ಳಿಯಲ್ಲಿ ಮಾವನ ಮನೆಗೆ ಹೋದಾಗ ಎಚ್‌ಡಿ ಬಾಕ್ಸಿಗೆ ತಿಂಗಳು ತಿಂಗಳು ಹಣ ಕಟ್ಟುತ್ತಿದ್ದರೂ ಚಿತ್ರ ಮಸುಕಾಗಿ ಬರುತ್ತಿತ್ತು. ಹಿಂದೆ ಬಗ್ಗಿ ನೋಡಿದರೆ ಬಾಕ್ಸನ್ನು ಹಳದಿ, ಬಿಳಿ, ಕೆಂಪು ಪಿನ್ನುಗಳ ಹಳೆಯ ತಂತಿಯಿಂದಲೇ ಜೋಡಿಸಿದ್ದರು. ಆ ತಂತಿಯಲ್ಲಿ ಎಚ್‌ಡಿ ಚಿತ್ರ ಹರಿಯುವುದಿಲ್ಲ. ಎಚ್‌ಡಿಎಂಐ ತಂತಿ ಹಾಕಿ, ಬಾಕ್ಸಿನ ಸೆಟಿಂಗಿನಲ್ಲಿ ಚಿತ್ರದ ಗುಣಮಟ್ಟವನ್ನು 1080ಕ್ಕೆ ಏರಿಸಿದ ಮೇಲೆ ಚೆಂಡಿನ ಹೊಲಿಗೆ ಕಾಣತೊಡಗಿತು.

ಸ್ಕೋರ್ ಪಟ್ಟಿಯ ಅಂಚು ಕತ್ತರಿಸಿದಂತೆ ಕಂಡರೆ ಟಿ.ವಿ.ಯ ಚಿತ್ರದ ಅಳತೆಯನ್ನು 'ಸ್ಕ್ರೀನ್ ಫಿಟ್' ಅಥವಾ 'ಜಸ್ಟ್ ಸ್ಕ್ಯಾನ್' ಎಂಬಲ್ಲಿಗೆ ಇಡಬೇಕು. ಚಿತ್ರದ ಚಲನೆಯನ್ನು ನುಣುಪು ಮಾಡುವ ವ್ಯವಸ್ಥೆಯನ್ನು ('ಮೋಷನ್ ಸ್ಮೂದಿಂಗ್') ಬಂದ್ ಮಾಡಿಬಿಡುವುದು ಒಳ್ಳೆಯದು, ಏಕೆಂದರೆ ವೇಗದ ಚೆಂಡಿನ ಹಿಂದೆ ಅದು ಸುಳ್ಳು ಬಾಲವೊಂದನ್ನು ಎಳೆಯುತ್ತದೆ. ಜಾಹೀರಾತು ಬಂದೊಡನೆ ಧ್ವನಿ ಕಿವಿಗೆ ಹೊಡೆಯುತ್ತಿದ್ದರೆ ಧ್ವನಿಯ ಸೆಟಿಂಗಿನಲ್ಲಿ ಸಾಮಾನ್ಯವಾಗಿ 'ಆಟೋ ವಾಲ್ಯೂಮ್' ಇರುತ್ತದೆ, ಅದನ್ನು ಹಚ್ಚಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಚಿತ್ರ ಸಾಮಾನ್ಯವಾಗಿ ನಿಲ್ಲುತ್ತದೆ. ಜಡಿಮಳೆಯಲ್ಲಿ ಮಾತ್ರ ಡಿಶ್ಶಿಗೆ ಬರುವ ಅಲೆಗಳು ಕುಂದುತ್ತವೆ. ಸಣ್ಣ ಮಳೆಗೂ ಚಿತ್ರ ಚೂರುಚೂರಾಗುತ್ತಿದ್ದರೆ ಡಿಶ್ ದಿಕ್ಕು ತಪ್ಪಿದೆ ಎಂದು ತಿಳಿದು ಮಳೆಗಾಲಕ್ಕೆ ಮೊದಲೇ ಸರಿಪಡಿಸಿಕೊಳ್ಳಬೇಕು.

ರೇಡಿಯೋವನ್ನು ಜೊತೆಗೆ ಕೂಡಿಸಿ

ಇದನ್ನು ನನಗೆ ಕಲಿಸಿದವನು ಅಮೆರಿಕದಲ್ಲಿರುವ ತಂಗಿಯ ಮಗ. ಅಲ್ಲಿ ಅವನಿಗೆ ಬೇಸ್‌ಬಾಲ್ ಹುಚ್ಚು. ಲೀಗಿನವರದೇ ಆ್ಯಪಿಗೆ ಹಣ ಕಟ್ಟಿದರೂ ತನ್ನ ಊರಿನ ತಂಡದ ಪಂದ್ಯವನ್ನೇ ನೋಡಲಾಗದ ಒಂದು ವಿಚಿತ್ರ ಕಟ್ಟಳೆ ಆ ದೇಶದಲ್ಲಿದೆ. ಸ್ಥಳೀಯ ಚಾನೆಲಿಗೆ ಹಕ್ಕು ಮಾರಿರುವುದರಿಂದ ಆ ಪ್ರದೇಶದವರಿಗೆ ಆ್ಯಪಿನಲ್ಲಿ ಪಂದ್ಯವನ್ನು ಮುಚ್ಚಿಬಿಡುತ್ತಾರೆ. ದೇಶಕ್ಕೆಲ್ಲ ತೋರಿಸುವ ಚಾನೆಲ್ ತನ್ನ ತಂಡದ ಪಂದ್ಯ ಹಾಕಿದ ದಿನ ಅಲ್ಲಿನ ವಿವರಣೆಗಾರರ ಹರಟೆ ಸಹಿಸಲಾರದೆ, ಅನೇಕರು ಟಿ.ವಿ.ಯ ಧ್ವನಿ ಆರಿಸಿ ತಮ್ಮೂರಿನ ರೇಡಿಯೋ ಹಚ್ಚಿಕೊಳ್ಳುತ್ತಾರಂತೆ. ಅವನು ಹೇಳಿದಾಗ ಅಪ್ಪನ ಮುಖ ಅರಳಿತು: "ನಾ ಹೇಳ್ತಿದ್ದಿಲ್ಲೇನು, ರೇಡಿಯೋದಾಗ ಆಟ ಚಲೋ ಕಾಣತೈತಿ ಅಂತ."

ಆಕಾಶವಾಣಿ ಪಂದ್ಯದ ವಿವರಣೆ ಕೊಡುವ ದಿನಗಳಲ್ಲಿ ಈ ಉಪಾಯ ನಮಗೂ ಒದಗುತ್ತದೆ. ಧಾರವಾಡ ಕೇಂದ್ರ 1950ರಿಂದ ನಡೆಯುತ್ತಿದೆ, ಅದರ ಮಧ್ಯಮ ತರಂಗ 765 ಕಿಲೋಹರ್ಟ್ಸ್. ಅಂದು ಅದು ವಿವರಣೆಯನ್ನು ಸಹಪ್ರಸಾರ ಮಾಡುತ್ತದೆಯೇ ಎಂಬುದನ್ನು ಬೆಳಗಿನ ಕಾರ್ಯಕ್ರಮ ವಿವರದಲ್ಲಿ ಕೇಳಿ ತಿಳಿದುಕೊಳ್ಳಬೇಕು. ಇಲ್ಲವಾದರೆ ಆಕಾಶವಾಣಿಯ ಮೊಬೈಲ್ ಆ್ಯಪಿನಲ್ಲಿ ಬೇರೆ ಕೇಂದ್ರಗಳನ್ನು ಹುಡುಕಬಹುದು. ರೇಡಿಯೋದಲ್ಲಿಯೂ ಓವರುಗಳ ನಡುವೆ ಜಾಹೀರಾತು ಬರುತ್ತದೆ, ನಿಜ. ಆದರೆ ಕೇಳುವವನಿಗೆ ಏನೂ ಕಾಣುವುದಿಲ್ಲವೆಂಬ ಅರಿವಿನಿಂದ ಮಾತನಾಡುವ ವಿವರಣೆಗಾರ, ಚೆಂಡು ಎಲ್ಲಿ ಬಿತ್ತು, ಯಾರು ಹಿಡಿದರು, ಎಷ್ಟು ಓಡಿದರು, ಈಗ ಸ್ಕೋರ್ ಎಷ್ಟು ಎಂಬ ನಾಲ್ಕನ್ನು ಹೇಳದೆ ಬಿಡುವುದಿಲ್ಲ. ಟಿ.ವಿ.ಯ ವಿವರಣೆಗಾರ ಈ ನಾಲ್ಕನ್ನೂ ಬಿಟ್ಟು ಹಿಂದಿನ ರಾತ್ರಿಯ ಊಟದ ಬಗ್ಗೆ ಮಾತನಾಡುವುದನ್ನು ಎಷ್ಟೋ ಸಲ ಕೇಳಿದ್ದೇನೆ.

ಮಧ್ಯಮ ತರಂಗದಲ್ಲಿ ಗರಗರ ಸದ್ದು ಬಂದರೆ ಮನೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರುಗಳನ್ನು ಒಂದೊಂದಾಗಿ ಆರಿಸಿ ನೋಡಿ. ಹೆಚ್ಚಿನ ಸಲ ಕಳ್ಳ ಸಿಗುವುದು ಅಲ್ಲಿಯೇ. ರೇಡಿಯೋವನ್ನು ಕಿಟಕಿಯ ಬಳಿ ಇಟ್ಟು ನಿಧಾನವಾಗಿ ತಿರುಗಿಸಬೇಕು. ಅದರೊಳಗಿನ ಆಂಟೆನಾ ಒಂದು ಕಪ್ಪು ಸರಳು. ಅದರ ಅಗಲದ ಮೈ ಕೇಂದ್ರದ ಕಡೆಗಿದ್ದಾಗ ಧ್ವನಿ ಗಟ್ಟಿ, ತುದಿ ಕೇಂದ್ರದ ಕಡೆಗಿದ್ದಾಗ ಕ್ಷೀಣ.

ಇನ್ನು ಹೊಂದಾಣಿಕೆಯ ಮಾತು. ಮೈದಾನದಿಂದ ಹೊರಟ ಚಿತ್ರ ಉಪಗ್ರಹಕ್ಕೆ ಏರಿ ಇಳಿದು, ಕುಗ್ಗಿ ಹಿಗ್ಗಿ ನಮ್ಮ ಮನೆ ಸೇರುವಷ್ಟರಲ್ಲಿ ಕೆಲವು ಸೆಕೆಂಡು ಕಳೆದಿರುತ್ತವೆ. ಮೊಬೈಲಿನಲ್ಲೋ ಇಂಟರ್ನೆಟ್ ಟಿ.ವಿ.ಯಲ್ಲೋ ನೋಡುವವರಿಗೆ ಇನ್ನೂ ತಡ. ನಮ್ಮ ಪರದೆಯಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುವಾಗಲೇ ಹಿಂದಿನ ಓಣಿಯಲ್ಲಿ ಪಟಾಕಿ ಹಾರುವುದು ಇದೇ ಕಾರಣಕ್ಕೆ. ರೇಡಿಯೋದ ವಿವರಣೆ ಸಾಮಾನ್ಯವಾಗಿ ಟಿ.ವಿ.ಗಿಂತ ಮುಂದೆ ಇರುತ್ತದೆ, ಆ್ಯಪಿನ ವಿವರಣೆ ಹೆಚ್ಚಾಗಿ ಹಿಂದೆ ಬೀಳುತ್ತದೆ. ಮೊದಲು ಅಂತರವನ್ನು ಅಳೆಯಿರಿ. ರೇಡಿಯೋದಲ್ಲಿ ಬ್ಯಾಟಿಗೆ ಚೆಂಡು ತಾಗಿದ 'ಟಕ್' ಕೇಳಿದೊಡನೆ ಎಣಿಸಲು ತೊಡಗಿ, ಪರದೆಯಲ್ಲಿ ಅದೇ ಹೊಡೆತ ಕಂಡಾಗ ನಿಲ್ಲಿಸಿ. ಮೂರು ಎಸೆತಗಳಲ್ಲಿ ಹೀಗೆ ಮಾಡಿದರೆ ಅಂತರ ಖಚಿತವಾಗುತ್ತದೆ. ಧ್ವನಿ ಹಿಂದಿದ್ದರೆ ಕೆಲಸ ಸುಲಭ: ರೆಕಾರ್ಡ್ ಮಾಡುವ ಬಾಕ್ಸಿನಲ್ಲಾಗಲಿ ಇಂಟರ್ನೆಟ್ ಪ್ರಸಾರದಲ್ಲಾಗಲಿ ಚಿತ್ರವನ್ನು ಅಷ್ಟು ಸೆಕೆಂಡು ನಿಲ್ಲಿಸಿ ಮತ್ತೆ ಬಿಟ್ಟರೆ ಸಾಕು. ಧ್ವನಿ ಮುಂದಿದ್ದರೆ ರೇಡಿಯೋದ ಇಯರ್‌ಫೋನ್ ತೂತಿನಿಂದ ತಂತಿ ಎಳೆದು ಕಂಪ್ಯೂಟರಿಗೆ ಕೊಟ್ಟು, ಧ್ವನಿಯನ್ನು ಬೇಕಾದಷ್ಟು ಸೆಕೆಂಡು ತಡೆದು ಬಿಡುವ ಉಚಿತ ತಂತ್ರಾಂಶದ ಮೂಲಕ ಹಾಯಿಸಬೇಕಾಗುತ್ತದೆ. ನನಗೆ ಇದನ್ನು ಹೊಂದಿಸಲು ಎರಡು ಭಾನುವಾರ ಹಿಡಿದವು. ಹೊಂದಿಕೊಂಡ ಮೇಲೆ ಅಪ್ಪ ಒಳಕೋಣೆ ಬಿಟ್ಟು ಹೊರಗೆ ಬಂದು ಕುರ್ಚಿಯಲ್ಲಿ ಕುಳಿತರು. ಈಗ ನಾನು ಅವರಿಗೆ ಏನನ್ನೂ ಹೇಳಬೇಕಾಗಿಲ್ಲ. ಕೆಲವು ಸಲ ಜಾಹೀರಾತಿನ ನಡುವೆ ಅವರೇ ನನಗೆ ಹೇಳುತ್ತಾರೆ.

ಫೀಲ್ಡನ್ನು ತಲೆಯಲ್ಲಿ ಕಟ್ಟಿಕೊಳ್ಳಿ

ಹಿಂದೆ ಕ್ಯಾಮೆರಾ ಮೈದಾನದ ಒಂದೇ ತುದಿಯಲ್ಲಿರುತ್ತಿದ್ದುದರಿಂದ ಒಂದು ಓವರ್ ಬಿಟ್ಟು ಒಂದು ಓವರ್ ಬ್ಯಾಟ್ಸ್‌ಮನ್ನನ ಬೆನ್ನನ್ನೇ ನೋಡಬೇಕಾಗುತ್ತಿತ್ತು. 1977ರಲ್ಲಿ ಆಸ್ಟ್ರೇಲಿಯಾದ ಕೆರಿ ಪ್ಯಾಕರ್ ನಡೆಸಿದ ವಿಶ್ವ ಸರಣಿಯ ಪಂದ್ಯಗಳಲ್ಲಿ ಎರಡೂ ತುದಿಗಳಿಗೆ ಕ್ಯಾಮೆರಾ ಬಂದ ಮೇಲೆ ಆ ಕಷ್ಟ ತಪ್ಪಿತು. ಇಂದು ಕ್ಯಾಮೆರಾಗಳಿಗೆ ಕೊರತೆಯಿಲ್ಲ. ಆದರೂ ಇಡೀ ಮೈದಾನವನ್ನು ಒಮ್ಮೆಗೇ ತೋರಿಸುವ ಚಿತ್ರ ಮಾತ್ರ ಅಪರೂಪ. ಬೌಲರನ ಮೂಗಿನ ಬೆವರು ಕಾಣುತ್ತದೆ, ಡೀಪ್ ಪಾಯಿಂಟ್ ಇದ್ದಾನೋ ಇಲ್ಲವೋ ಕಾಣುವುದಿಲ್ಲ.

ಇದಕ್ಕೆ ಪರಿಹಾರ ಲೆಕ್ಕದಲ್ಲಿದೆ. ಬೌಲರ್ ಮತ್ತು ಕೀಪರನನ್ನು ಬಿಟ್ಟರೆ ಉಳಿಯುವವರು 9 ಜನ. ಏಕದಿನ ಮತ್ತು ಟಿ20ಯಲ್ಲಿ ಲೆಗ್ ಬದಿಗೆ 5 ಜನರಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಟಿ20ಯ ಮೊದಲ 6 ಓವರುಗಳಲ್ಲಿ ವೃತ್ತದ ಹೊರಗೆ ಇಬ್ಬರೇ ಇರಬಹುದು, ಆಮೇಲೆ ಗರಿಷ್ಠ 5 ಜನ. ಅಂತರರಾಷ್ಟ್ರೀಯ ಟಿ20ಯಲ್ಲಿ ನಿಗದಿತ ಸಮಯದೊಳಗೆ ಓವರ್ ಮುಗಿಸದ ತಂಡಕ್ಕೆ ಉಳಿದ ಓವರುಗಳಲ್ಲಿ ಹೊರಗೆ 4 ಜನ ಮಾತ್ರ. ಈ ಅಂಕಿಗಳನ್ನು ನೆನಪಿಟ್ಟುಕೊಂಡರೆ ಕಾಣದ ಫೀಲ್ಡರನನ್ನೂ ಗುರುತಿಸಬಹುದು. ಒಂದು ಬೌಂಡರಿ ಹೋದಾಗ ಹಿಂದೆ ಓಡಿದವರು ಯಾರು, ಚೆಂಡು ತಡೆದವರು ಯಾವ ಕಡೆಯಿಂದ ಬಂದರು ಎಂದು ನೋಡುತ್ತ ಹೋದರೆ ಎರಡು ಓವರುಗಳಲ್ಲಿ ಹೊರಗಿನ ಐವರ ಜಾಗ ಗೊತ್ತಾಗುತ್ತದೆ. ಆಫ್ ಬದಿಯಲ್ಲಿ ನಾಲ್ವರು ಕಂಡರೆ ಉಳಿದ ಐವರು ಲೆಗ್ ಬದಿಯಲ್ಲೇ ಇರಬೇಕು. ನಾಯಕ ಫೈನ್ ಲೆಗ್ಗನ್ನು ಒಳಗೆ ಕರೆದಿದ್ದಾನೆಂದು ಹೀಗೆ ಮೊದಲೇ ತಿಳಿದು, ಮುಂದಿನದು ಬೌನ್ಸರ್ ಅಲ್ಲ ಎಂದು ಊಹಿಸಿ, ಬೌಲರ್ ಯಾರ್ಕರ್ ಹಾಕಿದಾಗ ಆಗುವ ಸಂತೋಷವೇ ಬೇರೆ.

ಜೊತೆಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ನಾನು ಬಳಸುವುದು ಶಾಲೆಯ ಮಕ್ಕಳ ಚೌಕುಳಿ ಪುಸ್ತಕ. ಒಂದು ಸಾಲಿಗೆ ಒಂದು ಓವರ್, ಆರು ಚೌಕ. ರನ್ ಬಾರದ ಎಸೆತಕ್ಕೆ ಚುಕ್ಕೆ, ವಿಕೆಟ್ಟಿಗೆ 'ವಿ', ತೋರಿಸದೆ ಬಿಟ್ಟ ಎಸೆತಕ್ಕೆ ಕೆಂಪು ಶಾಯಿಯ ಗುಣಿಸು ಚಿಹ್ನೆ. ಸಾಲಿನ ಕೊನೆಗೆ ಫೀಲ್ಡ್ ಬದಲಾದುದನ್ನು ಎರಡು ಪದದಲ್ಲಿ ಬರೆದಿಡುತ್ತೇನೆ. ಕೆಂಪು ಚಿಹ್ನೆಯ ಪಕ್ಕದಲ್ಲಿ ಗಡಿಯಾರದ ಸಮಯ ಬರೆಯುವುದನ್ನು ಮರೆಯಬಾರದು. ಅದರ ಉಪಯೋಗವನ್ನು ಮುಂದೆ ಹೇಳುತ್ತೇನೆ.

ಲೆಕ್ಕ ಬರೆಯುವುದು ಮುದುಕರ ಕೆಲಸವೆಂದು ನಗುವವರಿಗೆ ನಮ್ಮ ಗದಗಿನ ಸುನೀಲ್ ಜೋಶಿ ಅವರ ಒಂದು ಸಾಲನ್ನು ತೋರಿಸುತ್ತೇನೆ. 1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ ಅವರು ಹಾಕಿದ್ದು 10 ಓವರ್, ಅದರಲ್ಲಿ 6 ಮೇಡನ್ (ಒಂದೂ ರನ್ ಕೊಡದ ಓವರ್), ಕೊಟ್ಟದ್ದು 6 ರನ್, ಪಡೆದದ್ದು 5 ವಿಕೆಟ್. ಮುಖ್ಯಾಂಶಗಳ ಕಾರ್ಯಕ್ರಮ ನೋಡಿದವನಿಗೆ ಸಿಗುವುದು ಐದು ಎಸೆತ. ಆ ಐದು ವಿಕೆಟ್ಟುಗಳನ್ನು ಹೆತ್ತ ಉಳಿದ 55 ಎಸೆತಗಳು ಸ್ಕೋರ್ ಪುಸ್ತಕದಲ್ಲಿ ಮಾತ್ರ, ಹೆಚ್ಚಿನವು ಚುಕ್ಕೆಗಳಾಗಿ, ಉಳಿಯುತ್ತವೆ. 1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ 17 ರನ್ನಿಗೆ 5 ವಿಕೆಟ್ ಬಿದ್ದಾಗ ಕಪಿಲ್ ದೇವ್ ನಿಂತು 175 ಹೊಡೆದು ತಂಡವನ್ನು 266ಕ್ಕೆ ಮುಟ್ಟಿಸಿದ ಆಟವನ್ನು ಟಿ.ವಿ. ತೋರಿಸಲೇ ಇಲ್ಲ. ಅದು ನಮಗೆ ಉಳಿದು ಬಂದದ್ದು ಬರೆದಿಟ್ಟವರಿಂದ, ಕಂಡು ಹೇಳಿದವರಿಂದ. ಹುಬ್ಬಳ್ಳಿ ರಾಜನಗರದ ನಮ್ಮ ಮೈದಾನದಲ್ಲಿ ರಣಜಿ ಪಂದ್ಯ ನಡೆದಾಗಲೂ ನೇರ ಪ್ರಸಾರ ಇರುತ್ತದೆಂಬ ಭರವಸೆ ಇಲ್ಲ, ಏಕೆಂದರೆ ಒಂದು ಸುತ್ತಿನಲ್ಲಿ ಕೆಲವೇ ಪಂದ್ಯಗಳಿಗೆ ಕ್ಯಾಮೆರಾ ಹೋಗುತ್ತದೆ. ಅಂಥ ದಿನ ನೋಟ್‌ಬುಕ್ ಹಿಡಿದು ಮೈದಾನಕ್ಕೇ ಹೋಗಬೇಕು.

ಯಾವ ಚಾನೆಲ್, ಯಾವ ಡಿಶ್

ಪ್ರಸಾರದ ಅಲೆಗಳು ಸಾರ್ವಜನಿಕರ ಸೊತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ, ಕ್ರಿಕೆಟ್ ಪ್ರಸಾರದ ಮೊಕದ್ದಮೆಯಲ್ಲಿಯೇ, ತೀರ್ಪು ಕೊಟ್ಟಿತು. 2007ರ ಕಾಯ್ದೆಯಂತೆ, ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರ ಗುರುತಿಸಿದ ಪಂದ್ಯಗಳ ನೇರ ಸಂಕೇತವನ್ನು ಹಕ್ಕು ಪಡೆದ ಖಾಸಗಿ ಸಂಸ್ಥೆಯು ತನ್ನ ಜಾಹೀರಾತುಗಳನ್ನು ತೆಗೆದು, ದೂರದರ್ಶನ ಮತ್ತು ಆಕಾಶವಾಣಿಗಳನ್ನು ನಡೆಸುವ ಪ್ರಸಾರ ಭಾರತಿಗೆ ಕೊಡಲೇಬೇಕು. ಭಾರತದ ಪುರುಷರ ತಂಡ ಆಡುವ ಏಕದಿನ ಮತ್ತು ಟಿ20 ಪಂದ್ಯಗಳು ಆ ಪಟ್ಟಿಯಲ್ಲಿವೆ; ಐಪಿಎಲ್ ಇಲ್ಲ. ಆದರೆ ಹೀಗೆ ಪಡೆದ ಚಿತ್ರವನ್ನು ದೂರದರ್ಶನ ತನ್ನ ಭೂ ಪ್ರಸಾರದಲ್ಲಿ ಮತ್ತು ಡಿಡಿ ಫ್ರೀ ಡಿಶ್‌ನಲ್ಲಿ ಮಾತ್ರ ತೋರಿಸಬಹುದು, ಖಾಸಗಿ ಕೇಬಲ್ ಮತ್ತು ಡಿಟಿಎಚ್ ಮೂಲಕ ಅಲ್ಲ ಎಂದು 2017ರಲ್ಲಿ ಕೋರ್ಟ್ ಹೇಳಿತು. ಕೇಬಲ್ ಇರುವ ಮನೆಯಲ್ಲಿ ಡಿಡಿ ಸ್ಪೋರ್ಟ್ಸ್ ಹಾಕಿದರೆ ಪಂದ್ಯದ ಬದಲು ಬೇರೇನೋ ಬರುವುದು ಇದರಿಂದಲೇ, ಕೇಬಲ್‌ನವರ ಕೈಚಳಕದಿಂದಲ್ಲ. ತಿಂಗಳ ಬಾಡಿಗೆಯಿಲ್ಲದ ಫ್ರೀ ಡಿಶ್ ಒಂದನ್ನು ತಾರಸಿಯಲ್ಲಿ ಹೆಚ್ಚಿಗೆ ಇಟ್ಟುಕೊಂಡವರಿಗೆ ಪಟ್ಟಿಯಲ್ಲಿರುವ ಭಾರತದ ಪಂದ್ಯಗಳಿಗಾಗಿ ಬೇರೆ ಹಣ ಬೀಳುವುದಿಲ್ಲ. ದೂರದರ್ಶನವೂ ತನ್ನ ಜಾಹೀರಾತು ಹಾಕುತ್ತದೆ ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ.

ಖಾಸಗಿ ಕ್ರೀಡಾ ಚಾನೆಲ್ ಬೇಕಾದರೆ ಅದೊಂದನ್ನೇ ಬಿಡಿಯಾಗಿ ಕೊಳ್ಳುವ ಹಕ್ಕು 2019ರಿಂದ ನಿಮಗಿದೆ. "ಒಂದs ಚಾನೆಲ್ ಬರಂಗಿಲ್ರಿ, ಪ್ಯಾಕೇಜs ತಗೋಬೇಕ್ರಿ" ಎಂದು ಕೇಬಲ್ ಹುಡುಗ ಹೇಳಿದರೆ, ಪ್ರಸಾರ ಸೇವೆಗಳನ್ನು ನಿಯಂತ್ರಿಸುವ ಟ್ರಾಯ್ ಸಂಸ್ಥೆಯ ನಿಯಮದಲ್ಲಿ ಬಿಡಿ ಬೆಲೆ ಪ್ರಕಟಿಸಬೇಕೆಂದಿದೆ, ಆ ಪಟ್ಟಿ ತೋರಿಸಪ್ಪಾ ಎಂದು ಸಮಾಧಾನದಿಂದ ಕೇಳಿ. ಸರಣಿ ಮುಗಿದ ತಿಂಗಳು ಅದನ್ನು ತೆಗೆಸಲು ಮರೆಯಬೇಡಿ. ಕನ್ನಡ ವಿವರಣೆಯ ಚಾನೆಲ್ ಬೇರೆ ಸಂಖ್ಯೆಯಲ್ಲಿ ಬರುತ್ತದೆ, ಅದನ್ನೂ ಹೆಸರಿಟ್ಟು ಕೇಳಬೇಕು.

ದೂರು ಬರೆಯುವ ಕ್ರಮ

ಕೆಂಪು ಚಿಹ್ನೆಗಳು ಉಪಯೋಗಕ್ಕೆ ಬರುವುದು ಇಲ್ಲಿ. 1994ರ ಕೇಬಲ್ ಟೆಲಿವಿಷನ್ ಜಾಲಗಳ ನಿಯಮಗಳಲ್ಲಿ 7ನೆಯ ನಿಯಮ ಜಾಹೀರಾತಿನ ಸಂಹಿತೆ. ಜಾಹೀರಾತು ಕಾರ್ಯಕ್ರಮದಿಂದ ಸ್ಪಷ್ಟವಾಗಿ ಬೇರೆಯಾಗಿ ಕಾಣಬೇಕು, ಕಾರ್ಯಕ್ರಮಕ್ಕೆ ಯಾವ ರೀತಿಯಿಂದಲೂ ಅಡ್ಡಿಯಾಗಬಾರದು ಎಂದು ಅದರ 10ನೆಯ ಉಪನಿಯಮ ಹೇಳುತ್ತದೆ; ಪರದೆಯ ಕೆಳಭಾಗದಲ್ಲಿ ನಿಂತ ಅಥವಾ ಓಡುವ ಬರಹಗಳನ್ನೇ ಅದು ಉದಾಹರಣೆಯಾಗಿ ಕೊಡುತ್ತದೆ. ಚಿತ್ರವನ್ನು ಮೂಲೆಗೆ ಒತ್ತಿ ಎರಡು ಬದಿಗೆ ಜಾಹೀರಾತು ಹರಡುವ ಪದ್ಧತಿಗೆ ಈ ಮಾತು ನೇರವಾಗಿ ತಾಗುತ್ತದೆ. 11ನೆಯ ಉಪನಿಯಮದಂತೆ ಗಂಟೆಗೆ 12 ನಿಮಿಷ ಮಿತಿ: 10 ನಿಮಿಷ ವಾಣಿಜ್ಯ ಜಾಹೀರಾತು, 2 ನಿಮಿಷ ಚಾನೆಲಿನ ಸ್ವಂತ ಪ್ರಚಾರ. ಈ ಮಿತಿಯನ್ನು ಬಿಗಿಯಾಗಿ ಜಾರಿಗೆ ತರಲು ಟ್ರಾಯ್ 2013ರಲ್ಲಿ ಹೊರಟಾಗ ಚಾನೆಲುಗಳು ಕೋರ್ಟಿಗೆ ಹೋದವು. ಆದ್ದರಿಂದ ನಿಮಿಷದ ಲೆಕ್ಕಕ್ಕಿಂತ ಅಡ್ಡಿಯ ಲೆಕ್ಕವನ್ನೇ ಮುಂದಿಡುವುದು ಜಾಣತನ.

ದೂರು ಮೊದಲು ಚಾನೆಲಿನ ದೂರು ಅಧಿಕಾರಿಗೇ ಹೋಗಬೇಕು; ಅವರ ವಿಳಾಸವನ್ನು ಚಾನೆಲಿನ ಜಾಲತಾಣದಲ್ಲಿ ಹಾಕಿರಬೇಕು. 2021ರ ತಿದ್ದುಪಡಿಯ ಪ್ರಕಾರ ದೂರು ಮುಟ್ಟಿದ್ದನ್ನು 24 ಗಂಟೆಯೊಳಗೆ ತಿಳಿಸಿ, 15 ದಿನಗಳಲ್ಲಿ ತೀರ್ಮಾನ ಹೇಳಬೇಕು. ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಇನ್ನು 15 ದಿನಗಳೊಳಗೆ ಆ ಚಾನೆಲ್ ಸದಸ್ಯನಾಗಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ; ಅವರಿಗೆ 60 ದಿನ. ಆಮೇಲಿನ ಹಂತ ಕೇಂದ್ರ ಸರ್ಕಾರದ್ದು. ಇದೆಲ್ಲ ಟಿ.ವಿ. ಚಾನೆಲುಗಳಿಗೆ, ಮೊಬೈಲ್ ಆ್ಯಪುಗಳಿಗೆ ಬೇರೆ ನಿಯಮಗಳಿವೆ.

"ನಿಮ್ಮ ಪ್ರಸಾರ ಕೆಟ್ಟದಾಗಿದೆ" ಎಂದು ಬರೆದ ಪತ್ರಕ್ಕೆ ಅಚ್ಚು ಹಾಕಿದ ವಂದನೆಯೇ ಉತ್ತರವಾಗಿ ಬರುತ್ತದೆ. ನನಗೆ ಎರಡು ಸಲ ಬಂದಿದೆ. ಮೂರನೆಯ ಸಲ ನೋಟ್‌ಬುಕ್ಕಿನ ಸಾಲುಗಳನ್ನೇ ಇಳಿಸಿದೆ. ಇಂಥ ತಾರೀಖಿನ ಇಂಥ ಪಂದ್ಯದ ಎರಡನೆಯ ಇನ್ನಿಂಗ್ಸ್; 19ನೆಯ ಓವರಿನ 6ನೆಯ ಎಸೆತ, ರಾತ್ರಿ 10 ಗಂಟೆ 41 ನಿಮಿಷ; ಚೆಂಡು ಆಟದಲ್ಲಿರುವಾಗಲೇ ಜಾಹೀರಾತು ಬಂದುದರಿಂದ ರನ್ ಔಟ್ ಕಾಣಲಿಲ್ಲ, ಮರುಪ್ರದರ್ಶನವನ್ನೂ ತೋರಿಸಲಿಲ್ಲ; 7ನೆಯ ನಿಯಮದ 10ನೆಯ ಉಪನಿಯಮದಡಿ ಕ್ರಮ ಕೋರಿದ್ದೇನೆ. ಜೊತೆಗೆ ಪರದೆಯ ಒಂದು ಫೋಟೋ, ನೋಟ್‌ಬುಕ್ ಪುಟದ ಒಂದು ಫೋಟೋ. ಈ ಸಲ ಬಂದ ಉತ್ತರದಲ್ಲಿ ಆ ಓವರಿನ ಸಂಖ್ಯೆ ಇತ್ತು, ಪರಿಶೀಲಿಸುತ್ತಿದ್ದೇವೆಂಬ ಮಾತಿತ್ತು. ಅದನ್ನು ಮುದ್ರಿಸಿ ಆ ಪುಟಕ್ಕೇ ಅಂಟಿಸಿದ್ದೇನೆ. ಪಕ್ಕದಲ್ಲಿ 15ನೆಯ ದಿನದ ತಾರೀಖನ್ನು ಅಪ್ಪ ದೊಡ್ಡ ಅಕ್ಷರದಲ್ಲಿ ಬರೆಸಿದ್ದಾರೆ.